ಕಾಲಿಗೆ ಒಪ್ಪುವ ಹಾಡು

ಪುಟ್ಟಿ, ಬರುವ ವಸಂತದಲ್ಲಿ ಬ್ರಾಂಜ್ ವಿಭಾಗದ ಸ್ಪರ್ಧೆಗೆ ಇಳಿಯುತ್ತೇನೆ, ಯಾವ ಹಾಡು ಇಟ್ಟುಕೊಳ್ಳಲಿ ದೊಡ್ಡಮ್ಮಾ ಅಂತ ಕೇಳಿದ್ದೀಯ. ಜೊತೆಗೆ ಒಂದು ಉದ್ದನೆಯ ಪಟ್ಟಿಯನ್ನೂ ಕಳಿಸಿದ್ದೀಯ. ಪಟ್ಟಿ ಓದಿ ಸಂತೋಷವಾಯಿತು. ಇಷ್ಟು ವರ್ಷ ನೀನು ಎಂಥೆಂಥ ಸಂಗೀತವನ್ನು ಎಷ್ಟು ಮನಸ್ಸಿಟ್ಟು ಕೇಳಿದ್ದೀಯ ಎಂಬುದು ಅದರಲ್ಲಿ ಗೊತ್ತಾಗುತ್ತದೆ. ತೊಡಕು ಹುಟ್ಟುವುದೂ ಅಲ್ಲಿಂದಲೇ. ನಿನ್ನ ಕಿವಿಗೆ ಮೂವತ್ತು ವರ್ಷ ದಾಟಿದೆ, ಐಸ್ ಮೇಲೆ ನಿಂತ ನಿನ್ನ ಕಾಲಿನ್ನೂ ಎಳೆಯದು. ಐದಾರು ವರ್ಷಕ್ಕೇ ಸ್ಕೇಟ್ಸ್ ಕಟ್ಟಿಕೊಂಡ ಮಕ್ಕಳಿಗೆ ಈ ಅಂತರ ಇರುವುದಿಲ್ಲ. ಕಿವಿ ಕಾಲು ಎರಡೂ ಒಟ್ಟಿಗೇ ಬೆಳೆಯುತ್ತವೆ, ಹಾಡನ್ನೂ ಕೋಚ್ ಆರಿಸಿ ಕೊಡುತ್ತಾರೆ. ದೊಡ್ಡವರಾದ ಮೇಲೆ ಕಲಿಯುವ ನಮಗೆ ಹಾಗಲ್ಲ. ಸೋಫಾದ ಮೇಲೆ ಕೂತು ಕೇಳಿದಾಗ ಕಣ್ಣಲ್ಲಿ ನೀರು ತರಿಸುವ ಹಾಡೇ ಬೇಕು ಅನ್ನಿಸುತ್ತದೆ. ನಿನ್ನ ಪಟ್ಟಿಯಲ್ಲಿ ಅಂಥವೇ ಹೆಚ್ಚು. ಕಿವಿ ಆರಿಸಿದ್ದನ್ನು ಕಾಲು ಒಪ್ಪುತ್ತದೋ ಇಲ್ಲವೋ ಅಂತ ನೋಡುವ ಬಗೆಯನ್ನು ಹೇಳುತ್ತೇನೆ, ಕೇಳು.

ಮೊದಲು ಹಾಡಿನ ಗೊಡವೆಗೇ ಹೋಗಬೇಡ. ರಿಂಕ್‌ನಲ್ಲಿ ಜನ ಕಡಿಮೆ ಇರುವ ಬೆಳಗಿನ ಹೊತ್ತು ಗೆಳತಿಯ ಕೈಗೆ ಫೋನ್ ಕೊಟ್ಟು, ಯಾವ ಹಾಡೂ ಇಲ್ಲದೆ, ನಿನಗೆ ಹಿತವಾದ ವೇಗದಲ್ಲಿ ಎರಡು ಸುತ್ತು ಹೊಡೆ. ನೇರ ದಾರಿಯಲ್ಲಿ ಬರೀ ಸ್ಟ್ರೋಕಿಂಗ್, ತಿರುವಿನಲ್ಲಿ ಕ್ರಾಸ್‌ಓವರ್. ಮನೆಗೆ ಬಂದು ವಿಡಿಯೋ ನೋಡುತ್ತಾ, ಅರ್ಧ ನಿಮಿಷದಲ್ಲಿ ಎಷ್ಟು ಸಲ ಕಾಲು ತಳ್ಳಿದೆ ಅಂತ ಎಣಿಸು. ಇಪ್ಪತ್ನಾಲ್ಕು ಅಂತ ಇಟ್ಟುಕೋ. ನಿಮಿಷಕ್ಕೆ 48 ಆಯಿತು. ಒಂದೊಂದು ತಳ್ಳುವಿಕೆಗೆ ಎರಡು ಪೆಟ್ಟು ಹಿಡಿದರೆ ನಿಮಿಷಕ್ಕೆ 96 ಪೆಟ್ಟಿನ ಸಂಗೀತ ನಿನಗೆ ಕೂಡುತ್ತದೆ. ಮೂರು ಪೆಟ್ಟು ಹಿಡಿದರೆ 144ರ ವಾಲ್ಟ್ಸ್ ಕೂಡುತ್ತದೆ. ಐಸ್ ಡ್ಯಾನ್ಸ್ ಕಲಿಯುವವರಿಗೆ ಆರಂಭದಲ್ಲೇ ಕಲಿಸುವ ಡಚ್ ವಾಲ್ಟ್ಸ್ ನಿಮಿಷಕ್ಕೆ 138 ಪೆಟ್ಟಿನದು, ಕನಾಸ್ಟಾ ಟ್ಯಾಂಗೋ 104ರದು. ಅವನ್ನು ಆಡಿಸಿದಾಗ ನಿನಗೆ ಯಾವುದು ಸಲೀಸು ಅಂತ ಈಗಾಗಲೇ ಗೊತ್ತಿರಬೇಕು. ಈ ಲೆಕ್ಕ ಒಣ ಲೆಕ್ಕ ಅನ್ನಬೇಡ. ನಿನ್ನ ಪಟ್ಟಿಯ ಅರ್ಧಕ್ಕೂ ಹೆಚ್ಚು ಹಾಡು ಇದೊಂದರಲ್ಲೇ ಉದುರಿಹೋಗುತ್ತವೆ.

ವೇಗದ ಹಾಡು ಹಾಕಿದರೆ ನಾವೂ ವೇಗವಾಗಿ ಕಾಣುತ್ತೇವೆ ಅಂತ ಬಹಳ ಜನ ನಂಬಿದ್ದಾರೆ. ಆಗುವುದು ತಿರುಗುಮುರುಗು. ಹಾಡು ಓಡುತ್ತಿರುತ್ತದೆ, ಸ್ಕೇಟರ್ ಹಿಂದೆ ಉಳಿದಿರುತ್ತಾಳೆ, ನೋಡುವವರಿಗೆ ಆ ಅಂತರವೇ ಕಣ್ಣಿಗೆ ಹೊಡೆಯುತ್ತದೆ. ಹಾಗಂತ ತೀರಾ ವಿಳಂಬದ್ದೂ ಬೇಡ. ನಿಧಾನದ ಸಂಗೀತಕ್ಕೆ ಒಂದೇ ಕಾಲಿನ ಮೇಲೆ ನಾಲ್ಕು, ಆರು ಎಣಿಕೆಯವರೆಗೆ ಅಲುಗದೆ ಜಾರುವ ಎಡ್ಜ್ ಬೇಕು. ಅಷ್ಟು ಉದ್ದದ ಎಡ್ಜ್ ನಿನಗಿನ್ನೂ ಬಂದಿಲ್ಲ, ಎರಡನೆಯ ಎಣಿಕೆಗೇ ಇನ್ನೊಂದು ಕಾಲು ಕೆಳಗೆ ಬರುತ್ತದೆ. ಮಧ್ಯಮ ಕಾಲದ ಹಾಡು, ಪೆಟ್ಟು ಸ್ಪಷ್ಟವಾಗಿ ಕೇಳಬೇಕು, ಮಧ್ಯದಲ್ಲೊಂದು ಕಡೆ ತುಸು ಇಳಿದು ಮತ್ತೆ ಏರಬೇಕು. ಆ ಇಳಿತ ಅಲಂಕಾರಕ್ಕೆ ಬೇಕಾದದ್ದು ಅಂತ ತಿಳಿಯಬೇಡ, ನಿನ್ನ ಉಸಿರಿಗೆ ಬೇಕಾದದ್ದು. ನಮ್ಮ ವಯಸ್ಸಿನಲ್ಲಿ ಒಂದು ನಿಮಿಷ ದಾಟಿತೋ ಇಲ್ಲವೋ ತೊಡೆ ಉರಿಯಲು ಶುರು. ಅಲ್ಲೇ ಸಂಗೀತ ತಗ್ಗಿದರೆ ಒಂದು ಸ್ಪೈರಲ್ ತೆಗೆದು, ಎದೆಯುಬ್ಬಿಸಿ ಉಸಿರು ತೆಗೆದುಕೊಳ್ಳಬಹುದು. ಅದು ಚಂದವಾಗಿಯೇ ಕಾಣುತ್ತದೆ, ದಣಿವು ಯಾರಿಗೂ ಗೊತ್ತಾಗುವುದಿಲ್ಲ.

ರವಿಕೆ ಹೊಲಿಸುವಾಗ ದರ್ಜಿಗೆ ಇವತ್ತಿನ ಅಳತೆ ಕೊಡುತ್ತೇವೆ, ಆರು ತಿಂಗಳಲ್ಲಿ ಸಣ್ಣಗಾಗುತ್ತೇನೆ ಅಂತ ಬಿಗಿ ಮಾಡಿಸುವುದಿಲ್ಲ. ಹಾಡಿಗೂ ಇವತ್ತಿನ ಅಳತೆಯನ್ನೇ ಕೊಡು. ವಸಂತದ ಹೊತ್ತಿಗೆ ಆಕ್ಸೆಲ್ ಬಂದಿರುತ್ತದೆ, ಆ ದೊಡ್ಡ ತಾಳದ ಪೆಟ್ಟಿಗೆ ಅದನ್ನು ಹಾಕುತ್ತೇನೆ ಅಂತ ಲೆಕ್ಕ ಹಾಕಬೇಡ. ಬ್ರಾಂಜ್‌ನಲ್ಲಿ ಆಕ್ಸೆಲ್ ಹಾಕಲು ಬಿಡುವುದೂ ಇಲ್ಲ. ನಿನ್ನ ಹತ್ತಿರ ಒಂದು ಒಳ್ಳೆಯ ವಾಲ್ಟ್ಸ್ ಜಂಪ್ ಇದೆ, ಸಾಲ್ಕೋ ಇದೆ, ಟೋ ಲೂಪ್ ಹತ್ತಕ್ಕೆ ಏಳು ಸಲ ಕೂರುತ್ತದೆ, ಸಿಟ್ ಸ್ಪಿನ್ ಇನ್ನೂ ಆಳಕ್ಕೆ ಇಳಿಯಬೇಕು. ಇವನ್ನು ಹೊರುವ ಹಾಡು ಹುಡುಕು. ಜಿಗಿದು ಇಳಿದ ಮೇಲೆ ಹಿಂದಕ್ಕೆ ಜಾರುವ ಆ ಎರಡು ಕ್ಷಣಗಳಿಗೆ ಎಳೆದ ಸ್ವರವೊಂದು ಸಿಗುವ ಹಾಗಿರಲಿ. ಅಂಥ ಸ್ವರದ ಮೇಲೆ ಇಳಿದ ಸಣ್ಣ ವಾಲ್ಟ್ಸ್ ಜಂಪ್‌ಗೂ ಒಂದು ಗಾಂಭೀರ್ಯ ಬರುತ್ತದೆ.

ಪಟ್ಟಿಯ ಮೊದಲ ಹೆಸರು ಕಾರ್ಮೆನ್. ಬೀಝೇಯ ಆ ಒಪೆರಾ ಯಾರಿಗೆ ತಾನೇ ಇಷ್ಟವಿಲ್ಲ? 1988ರ ಕ್ಯಾಲ್ಗರಿ ಒಲಿಂಪಿಕ್ಸ್‌ನಲ್ಲಿ ಪೂರ್ವ ಜರ್ಮನಿಯ ಕಟರೀನಾ ವಿಟ್, ಅಮೆರಿಕದ ಡೆಬಿ ಥಾಮಸ್ ಇಬ್ಬರೂ ಅದನ್ನೇ ಇಟ್ಟುಕೊಂಡು ಎದುರುಬದುರಾದರು. ವಿಟ್‌ಗೆ ಚಿನ್ನ, ಥಾಮಸ್‌ಗೆ ಕಂಚು ಬಂತು. ಅಲ್ಲಿಂದೀಚೆಗಂತೂ ಕಾರ್ಮೆನ್‌ನ ಮೊದಲ ಸ್ವರ ಕೇಳಿದ ಕೂಡಲೇ ಜನರ ಕಣ್ಣೆದುರು ಒಬ್ಬಳು ಕಾರ್ಮೆನ್ ಬಂದು ನಿಲ್ಲುತ್ತಾಳೆ. ಅಷ್ಟು ದೊಡ್ಡ ವಾದ್ಯಮೇಳ ಗುಡುಗುವಾಗ 60 ಮೀಟರ್ ಉದ್ದದ ರಿಂಕ್ ತುಂಬುವಷ್ಟು ಓಟ ಬೇಕು. ಗೋಲ್ಡ್ ವಿಭಾಗಕ್ಕೆ ಏರಿದ ಮೇಲೆ ತೆಗೆದುಕೋ, ನಾನೇ ಕತ್ತರಿಸಿ ಕೊಡುತ್ತೇನೆ. ಈಗ ಒಂದೇ ಪಿಯಾನೋ, ಒಂದು ಪಿಟೀಲು, ಹೆಚ್ಚೆಂದರೆ ನಾಲ್ಕು ವಾದ್ಯ ಇರುವಂಥದ್ದು ಸಾಕು. ಆ ಅಳತೆಯ ಸಂಗೀತದೊಳಗೆ ನೀನು ಎದ್ದು ಕಾಣುತ್ತೀಯ.

ಇನ್ನು ನಮ್ಮ ಸಂಗೀತದ ಮಾತು. ನೀನು ಸಂಕೋಚದಿಂದ ಪಟ್ಟಿಯ ಕೊನೆಗೆ ಸೇರಿಸಿದ್ದೀಯ, ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ. ಇಲ್ಲಿಯ ಜಡ್ಜ್‌ಗಳಿಗೆ ಅರ್ಥವಾಗುತ್ತದೋ ಇಲ್ಲವೋ ಎಂಬ ಅಂಜಿಕೆ ಬಿಡು. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ನಮ್ಮ ಮಿಷಿಗನ್‌ನವರೇ ಆದ ಮೆರಿಲ್ ಡೇವಿಸ್, ಚಾರ್ಲಿ ವೈಟ್ ಜೋಡಿ ಒರಿಜಿನಲ್ ಡ್ಯಾನ್ಸ್‌ಗೆ ಆರಿಸಿಕೊಂಡದ್ದು ‘ದೇವದಾಸ್’ ಚಿತ್ರದ ಡೋಲಾ ರೇ, ‘ಬಂಟಿ ಔರ್ ಬಬ್ಲಿ’ಯ ಕಜ್ರಾ ರೇ ಮೊದಲಾದ ಹಿಂದಿ ಹಾಡುಗಳನ್ನು. ನಮ್ಮ ಊರಿನ ಪಕ್ಕದ ಕ್ಯಾಂಟನ್‌ನ ರಿಂಕ್‌ನಲ್ಲೇ ಆಗ ಅವರ ಅಭ್ಯಾಸ. ಭಾರತೀಯ ನೃತ್ಯ ಬಲ್ಲವರ ಹತ್ತಿರ ಹೋಗಿ ಕೈ, ಕತ್ತು, ಕಣ್ಣಿನ ಚಲನೆ ಕಲಿತರು. ಆ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದರು. ಪರದೇಶದ ಹುಡುಗ ಹುಡುಗಿ ಅಷ್ಟು ಶ್ರದ್ಧೆಯಿಂದ ಕಲಿತು ಮಾಡಿದ್ದನ್ನು, ಹುಟ್ಟಿನಿಂದ ಆ ಲಯದಲ್ಲೇ ಬೆಳೆದ ನೀನು ಯಾಕೆ ಹಿಂಜರಿಯಬೇಕು?

ಆದರೆ ತಾಳ ನೋಡಿ ಆರಿಸು. ಸ್ಕೇಟಿಂಗ್‌ನವರು ಹೆಚ್ಚಾಗಿ ಎಂಟರ ಎಣಿಕೆಯಲ್ಲಿ ಎಣಿಸುತ್ತಾರೆ, ನಮ್ಮ ಆದಿತಾಳವೂ ಎಂಟು. ಹಾಗಾಗಿ ಆದಿತಾಳದ್ದು ತಾನಾಗಿಯೇ ಕಾಲಿಗೆ ಬರುತ್ತದೆ, ಕೋಚ್‌ಗೂ ಹೆಜ್ಜೆ ಜೋಡಿಸುವುದು ಸುಲಭ. ಮಿಶ್ರಛಾಪು ನಿನಗೆ ಪ್ರಾಣ ಅಂತ ನನಗೆ ಗೊತ್ತು, ಆದರೆ ಏಳು ಬೆಸಸಂಖ್ಯೆ. ಪೆಟ್ಟಿಗೊಂದು ಹೆಜ್ಜೆ ಹಾಕಿದರೆ ಒಂದು ಆವರ್ತದಲ್ಲಿ ಎಡಗಾಲು ಸಮದ ಮೇಲೆ ಬಿತ್ತು ಅಂತಿಟ್ಟುಕೋ, ಮುಂದಿನ ಆವರ್ತದ ಸಮಕ್ಕೆ ಬಲಗಾಲು ಬರುತ್ತದೆ. ನಿನ್ನ ಸಾಲ್ಕೋ ಏಳುವುದು ಎಡಗಾಲಿನಿಂದ ಮಾತ್ರ. ಬೇಕಾದ ಪೆಟ್ಟಿಗೆ ಬೇಕಾದ ಕಾಲು ಸಿಗಬೇಕಾದರೆ ಎಲ್ಲೋ ಒಂದು ಕಡೆ ಹೆಜ್ಜೆ ನುಂಗಬೇಕು ಅಥವಾ ಸೇರಿಸಬೇಕು. ಹತ್ತು ವರ್ಷ ಆಡಿದವರು ಅದನ್ನೇ ಸೊಗಸಾಗಿ ಮಾಡಿಯಾರು. ಖಂಡಛಾಪಿನದೂ ಇದೇ ಕಥೆ. ಆಲಾಪನೆಗೆ ತಾಳವೇ ಇಲ್ಲ, ಅದನ್ನು ಹಿಡಿದು ಜಿಗಿಯುವ ಹೊತ್ತನ್ನು ಅಂದಾಜು ಮಾಡುವುದು ಬಲು ಕಷ್ಟ. ಆರಂಭಕ್ಕೆ ನಾಲ್ಕೈದು ಸೆಕೆಂಡು ಇಟ್ಟುಕೋ, ಚಂದ.

ನನ್ನನ್ನು ಕೇಳಿದರೆ ಎರಡು ದಾರಿ ಇದೆ. ಒಂದು ತಿಲ್ಲಾನ. ಪೆಟ್ಟು ಗರಿಗರಿಯಾಗಿರುತ್ತದೆ, ಹೆಚ್ಚಿನ ಭಾಗ ಜತಿಯ ಸೊಲ್ಲುಗಳೇ ಆದ್ದರಿಂದ ಭಾಷೆ ಅಡ್ಡ ಬರುವುದಿಲ್ಲ, ಮುಗಿಯುವ ಮುಕ್ತಾಯಕ್ಕೆ ನಿನ್ನ ಕೊನೆಯ ಸ್ಪಿನ್ ಕೂಡಿಸಬಹುದು. ಇನ್ನೊಂದು ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರ. ಪಿಟೀಲು ಪಾಠಕ್ಕೆ ಹೋಗುತ್ತಿದ್ದಾಗ ‘ಶಕ್ತಿಸಹಿತ ಗಣಪತಿಂ’ ನುಡಿಸಿದ್ದೀಯಲ್ಲ, ನೆನಪಿದೆಯಾ? ಕಂಪನಿ ಕಾಲದ ಬ್ಯಾಂಡಿನ ಧಾಟಿಗಳನ್ನು ಕೇಳಿ ದೀಕ್ಷಿತರು ಅವಕ್ಕೆ ಸಂಸ್ಕೃತ ಸಾಹಿತ್ಯ ಕಟ್ಟಿದರು. ಅದು ಮೂರರ ನಡೆ, ಶಂಕರಾಭರಣದ ಸ್ವರಗಳು. ಅಂದರೆ ವಾಲ್ಟ್ಸ್ ಜಂಪ್ ಹಾಕುವುದಕ್ಕೆ ಹೇಳಿ ಮಾಡಿಸಿದ ಸಂಗೀತ. ಇಲ್ಲಿಯವರ ಕಿವಿಗೆ ಪರಿಚಿತ ಅನ್ನಿಸುತ್ತದೆ, ಎಲ್ಲಿ ಕೇಳಿದ್ದೇವೆ ಅಂತ ಹೊಳೆಯುವುದಿಲ್ಲ. ಒಂಟಿ ಪಿಟೀಲಿನಲ್ಲಿ ನುಡಿಸಿದ್ದನ್ನು ಹುಡುಕು. ಸಿಗದಿದ್ದರೆ ನೀನೇ ನುಡಿಸಿ ಮುದ್ರಿಸಿಕೋ, ನಿನ್ನ ಕಾಲಿನ ವೇಗಕ್ಕೇ ನುಡಿಸಬಹುದು. ಅಂಥ ಅನುಕೂಲ ಎಷ್ಟು ಜನ ಸ್ಕೇಟರ್‌ಗಳಿಗಿದೆ!

ಹಳೆಯ ಚಿತ್ರಗೀತೆ ಬೇಕೇ ಬೇಕು ಅಂದರೆ ಅದಕ್ಕೂ ನನ್ನ ಅಡ್ಡಿಯಿಲ್ಲ. ರಾಜನ್–ನಾಗೇಂದ್ರರ ಹಾಡುಗಳಲ್ಲಿ ಪಲ್ಲವಿಗೂ ಚರಣಕ್ಕೂ ನಡುವೆ ಬರುವ ವಾದ್ಯಭಾಗಗಳನ್ನು ಗಮನವಿಟ್ಟು ಕೇಳು, ಪಿಟೀಲುಗಳು ಒಟ್ಟಿಗೆ ಏರಿ ಕೊಳಲಿಗೆ ಬಿಟ್ಟುಕೊಡುವ ಜಾಗಗಳು ಸ್ಪಿನ್‌ಗೆ ಎಷ್ಟು ಒಪ್ಪುತ್ತವೆ ಅಂತ. ಪಲ್ಲವಿ, ಒಂದು ವಾದ್ಯಭಾಗ, ಒಂದು ಚರಣ, ಮತ್ತೆ ಪಲ್ಲವಿ. ನಿನಗೆ ಸಿಗುವ ಹೆಚ್ಚುಕಡಿಮೆ ಎರಡು ನಿಮಿಷಕ್ಕೆ ಅಷ್ಟು ಸರಿಯಾಗಿ ಕೂರುತ್ತದೆ. ಮೊದಲೆಲ್ಲ ಸಾಹಿತ್ಯವಿದ್ದ ಹಾಡನ್ನು ಸಿಂಗಲ್ಸ್‌ನಲ್ಲಿ ಬಿಡುತ್ತಿರಲಿಲ್ಲ, 2014–15ರ ಋತುವಿನಿಂದ ಬಿಟ್ಟಿದ್ದಾರೆ. ಆದರೆ ಒಂದು ಮಾತು. ಸಾಹಿತ್ಯ ನಿನಗೆ ಗೊತ್ತಿದೆ, ಜಡ್ಜ್‌ಗಳಿಗೆ ಗೊತ್ತಿಲ್ಲ. ‘ಮುಗಿಲು’ ಅಂದಾಗ ಕೈ ಮೇಲೆತ್ತುವ ಅಭಿನಯಕ್ಕೆ ಹೋದರೆ ಪದ ತಿಳಿದವರಿಗೆ ಪೇಲವ, ತಿಳಿಯದವರಿಗೆ ವಿಚಿತ್ರ. ಅವರು ಅಂಕ ಕೊಡುವುದು ಸಂಗೀತದ ಏರಿಳಿತವನ್ನು ಮೈ ಹೇಗೆ ಹಿಡಿಯಿತು, ಪೆಟ್ಟಿಗೆ ಹೇಗೆ ಕೂತಿತು ಎಂಬುದಕ್ಕೆ. ನಿನ್ನ ಪಟ್ಟಿಯಲ್ಲಿರುವ ಆ ಅಗಲಿಕೆಯ ಭಾವಗೀತೆ ಮಾತ್ರ ಫ್ರೀ ಸ್ಕೇಟ್‌ಗೆ ಬೇಡ. ಜರ್ಮನಿಯ ಓಬರ್‌ಸ್ಟ್‌ಡಾರ್ಫ್‌ನಲ್ಲಿ 28 ದಾಟಿದವರಿಗೆಂದೇ ಅಂತಾರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟದ ಸ್ಪರ್ಧೆ ನಡೆಯುತ್ತದೆ. ಅಲ್ಲಿ ಆರ್ಟಿಸ್ಟಿಕ್ ಅಂತ ಬೇರೆಯೇ ವಿಭಾಗವಿದೆ, ಜಿಗಿತಗಳ ಹಂಗು ಕಡಿಮೆ. ಆ ಹಾಡನ್ನು ಅದಕ್ಕೆ ಕಾದಿರಿಸು.

ಎರಡೋ ಮೂರೋ ಹಾಡು ಉಳಿದ ಮೇಲೆ ಅವನ್ನು ಹೆಡ್‌ಫೋನ್‌ನಲ್ಲಿ ಕೇಳಿ ತೀರ್ಮಾನ ಮಾಡಬೇಡ. ರಿಂಕ್‌ನ ಸ್ಪೀಕರ್ ಚಾವಣಿಯಲ್ಲಿರುತ್ತದೆ, ಸುತ್ತ ಹಾಕಿಯವರ ಗಾಜಿನ ಗೋಡೆ, ಒಳಗೆ ಐಸ್ ಹೆಪ್ಪುಗಟ್ಟಿಸುವ ಯಂತ್ರದ ಮೊರೆತ. ಪಿಯಾನೋದ ಪಿಸುದನಿ ಆ ಮೊರೆತದಲ್ಲಿ ಕಾಣೆಯಾಗುತ್ತದೆ. ಡ್ರಮ್ಸ್ ಜಾಸ್ತಿಯಿದ್ದರೆ ಪ್ರತಿಧ್ವನಿಯಲ್ಲಿ ಎಲ್ಲ ಕಲಸಿ, ರಿಂಕ್‌ನ ಆ ತುದಿಯಲ್ಲಿ ನಿನಗೆ ಯಾವುದು ಪೆಟ್ಟು ಯಾವುದು ಅದರ ನೆರಳು ಗೊತ್ತಾಗುವುದಿಲ್ಲ. ಫ್ರೀಸ್ಟೈಲ್ ಸೆಷನ್‌ನಲ್ಲಿ ಸರದಿ ಹಿಡಿದು ಹಾಕಿಸು. ಹಾಡು ಹಾಕಿಸಿಕೊಂಡವರು ಕಟ್ಟಿಕೊಳ್ಳುವ ಬಣ್ಣದ ಪಟ್ಟಿ ಕಟ್ಟಿಕೊಂಡರೆ ಉಳಿದವರು ನಿನಗೆ ದಾರಿ ಬಿಡುತ್ತಾರೆ. ಆಗ ಜಂಪ್ ಗಿಂಪ್ ಏನೂ ಬೇಡ, ಸುಮ್ಮನೆ ಹಾಡು ಕರೆದ ಕಡೆ ಜಾರು. ಯಾವ ಹಾಡಿಗೆ ಕಾಲು ತಾನಾಗಿ ಹೆಚ್ಚು ಹೊತ್ತು ಎಡ್ಜ್ ಮೇಲೆ ನಿಂತಿತೋ ಅದನ್ನು ಇಟ್ಟುಕೋ, ಅದು ಪಟ್ಟಿಯಲ್ಲಿ ಮೂರನೆಯದಾಗಿದ್ದರೂ ಸರಿ.

ಕತ್ತರಿಸುವ ಮಾತಿಗೆ ಬಂದರೆ ನನಗೆ ಟಾರ್ವಿಲ್, ಡೀನ್ ನೆನಪಾಗುತ್ತಾರೆ. ರವೆಲ್‌ನ ಬೊಲೆರೋ ಪೂರ್ತಿ ನುಡಿಸಿದರೆ ಕಾಲು ಗಂಟೆ. 1984ರ ಸರಾಯೆವೊ ಒಲಿಂಪಿಕ್ಸ್‌ಗೆ ಅದನ್ನು ಎಷ್ಟು ಇಳಿಸಿದರೂ 4 ನಿಮಿಷ 28 ಸೆಕೆಂಡಿಗಿಂತ ಕಮ್ಮಿಯಾಗಲಿಲ್ಲ, ನಿಯಮ ಕೊಟ್ಟದ್ದು 4 ನಿಮಿಷ 10 ಸೆಕೆಂಡು. ಬ್ಲೇಡು ಜಾರಲು ಶುರುವಾದ ಮೇಲೆ ಗಡಿಯಾರ ಓಡುತ್ತಿದ್ದ ಕಾಲ ಅದು. ಮೊದಲ 18 ಸೆಕೆಂಡು ಇಬ್ಬರೂ ಮಂಡಿಯೂರಿಯೇ ತೂಗಾಡಿದರು. ನೆಲದ ಮೇಲಿದ್ದ ಆ ಚಲನೆಯೇ ಆಮೇಲೆ ಎಲ್ಲರ ನೆನಪಿನಲ್ಲಿ ಉಳಿಯಿತು, ಕಲಾತ್ಮಕತೆಗೆ ಒಂಬತ್ತೂ ಜಡ್ಜ್‌ಗಳು 6.0 ಕೊಟ್ಟರು. ಈಗ ಕೈ ಅಲುಗಿದರೂ ಗಡಿಯಾರ ಶುರು, ಆ ದಾರಿ ಮುಚ್ಚಿದೆ. ನಾವು ಕಲಿಯಬೇಕಾದದ್ದು ಬೇರೆ. ಸಂಗೀತದ ವಾಕ್ಯ ಎಲ್ಲಿ ಮುಗಿಯುತ್ತದೋ ಅಲ್ಲೇ ಕತ್ತರಿ ಬೀಳಬೇಕು. ನೀನು ಸಮಯ ಸಾಲದು ಅಂತ ಹಾಡನ್ನು ಎಲ್ಲೆಂದರಲ್ಲಿ ಮೊಟಕು ಮಾಡಿ ದನಿ ಕರಗಿಸಬೇಡ. ಕೊನೆ ಕೊನೆಯಂತೆಯೇ ಇರಬೇಕು. ಕಡೆಯ ಸ್ವರ ಒಂದೇ ಪೆಟ್ಟಿಗೆ ನಿಲ್ಲುವಂಥದ್ದಾದರೆ, ಸ್ಪಿನ್ ಮುಗಿಸಿ ತಲೆ ತಿರುಗುವಾಗ ಅರ್ಧ ಕ್ಷಣ ತಡವಾದರೂ ಎಲ್ಲರಿಗೂ ಗೊತ್ತಾಗುತ್ತದೆ. ಎಳೆದು ನಿಲ್ಲುವ ಸ್ವರವಾದರೆ ಅದರೊಳಗೆ ಎಲ್ಲಿ ನಿಂತರೂ ಚಂದ.

ಹಾಡಿನ ಹೆಸರು, ಸಂಯೋಜಕರು, ನುಡಿಸಿದವರು ಇವಿಷ್ಟನ್ನೂ ಈಗಲೇ ಬರೆದಿಟ್ಟುಕೋ. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಒಂದು ಜೋಡಿ ಬಳಸಿದ ಧ್ವನಿಮುದ್ರಣದ ಹಕ್ಕಿನ ವಿಚಾರ ಕೋರ್ಟಿಗೇ ಹೋಯಿತು. ಅಲ್ಲಿಂದ ಈ ವಿವರಗಳಿಗೆ ಬೆಲೆ ಹೆಚ್ಚಿದೆ. ಸ್ಪರ್ಧೆಯ ದಿನ ಫೈಲಿನ ಇನ್ನೊಂದು ಪ್ರತಿ ಫೋನಿನಲ್ಲೂ ಇರಲಿ.

ಪ್ರತಿ ವರ್ಷ ಹೊಸ ಹಾಡು ಬೇಕು ಅನ್ನುವ ಹುಚ್ಚೂ ಬೇಡ. ಜಪಾನಿನ ಯುಝುರು ಹನ್ಯು ಶೋಪೆನ್‌ನ ಮೊದಲ ಬಲಾಡ್ ಅನ್ನು ನಾಲ್ಕು ಋತುಗಳಲ್ಲಿ ಆಡಿದ, ಅದರಲ್ಲಿ ಒಂದು 2018ರ ಒಲಿಂಪಿಕ್ ಚಿನ್ನ ಗೆದ್ದ ಋತು. ಅಂಥವನೇ ಮತ್ತೆ ಮತ್ತೆ ಅದಕ್ಕೇ ಮರಳಿದ ಅಂದ ಮೇಲೆ, ಕೆಲಸ, ಮನೆ, ಮಗು ನೋಡಿಕೊಂಡು ವಾರಕ್ಕೆ ಮೂರು ಬೆಳಗು ಐಸ್‌ಗೆ ಹೋಗುವ ನೀನು ಒಂದೇ ಹಾಡನ್ನು ಎರಡು ವರ್ಷ ಇಟ್ಟುಕೊಂಡರೆ ಏನೂ ಕಳೆದುಕೊಳ್ಳುವುದಿಲ್ಲ. ಮೊದಲ ವರ್ಷ ಹೆಜ್ಜೆ ನೆನಪಿಡುವುದರಲ್ಲೇ ಹೋಗುತ್ತದೆ, ಹಾಡು ನಿಜವಾಗಿ ಕೇಳಿಸುವುದು ಎರಡನೆಯ ವರ್ಷ. ಅಷ್ಟು ದಿನ ಕೇಳಿದರೂ ಸಾಕಾಗದ ಹಾಡು ಆಗಿರಲಿ.

ಶನಿವಾರ ರಿಂಕ್‌ಗೆ ಬರುವಾಗ ಪಿಟೀಲನ್ನೂ ಕಾರಿನಲ್ಲಿ ಇಟ್ಟುಕೊಂಡು ಬಾ, ಚಳಿಗೆ ತಂತಿ ಇಳಿಯದ ಹಾಗೆ ಕಂಬಳಿ ಸುತ್ತಿಕೋ. ಸೆಷನ್ ಮುಗಿಸಿ ಮನೆಗೆ ಹೋಗೋಣ, ನೊಟ್ಟುಸ್ವರವನ್ನು ನಿನ್ನ ವೇಗಕ್ಕೆ ನುಡಿಸಿ ನೋಡೋಣ. ಅಲ್ಲಿಯವರೆಗೂ ಕತ್ತರಿ ಮುಟ್ಟಬೇಡ.