ಕೊರಗ ಭಾಷೆ ಮತ್ತು ಭಾಷಿಕರು: ಒಂದು ಪರಿಚಯ

ಉಡುಪಿ, ಕಾಪು, ಕಾರ್ಕಳ ಪರಿಸರದ ಕೊರಗರು ಊರವರೊಡನೆ ವ್ಯವಹರಿಸುವುದು ತುಳುವಿನಲ್ಲಿ. ಆದ್ದರಿಂದ ಅವರ ಮನೆಮಾತೂ ತುಳುವಿನದೇ ಒಂದು ಪ್ರಭೇದವೆಂಬ ಗ್ರಹಿಕೆ ಬೆಳೆದಿದೆ. ವಾಸ್ತವವಾಗಿ ಅದು ಪ್ರತ್ಯೇಕ ದ್ರಾವಿಡ ಭಾಷೆ. ತುಳುವಿನಲ್ಲಿ ಪ್ರಶ್ನಿಸುವ ಸಂಶೋಧಕನಿಗೆ ತುಳುವಿನಲ್ಲಿಯೇ ಉತ್ತರ ದೊರೆಯುವುದರಿಂದ ಈ ತಪ್ಪುಗ್ರಹಿಕೆ ಸುಲಭವಾಗಿ ನಿವಾರಣೆಯಾಗದು.

ಡಿ.ಎನ್. ಶಂಕರ ಭಟ್ಟರು 1971ರಲ್ಲಿ ಪ್ರಕಟಿಸಿದ ಕೊರಗ ಭಾಷೆಯ ಅಧ್ಯಯನದಲ್ಲಿ ಒಂಟಿ, ತಪ್ಪು ಮೊದಲಾದ ಉಪಭಾಷೆಗಳನ್ನು ಗುರುತಿಸಿದ್ದಾರೆ. ಇಲ್ಲಿನ ‘ತಪ್ಪು’ ಕನ್ನಡದ ತಪ್ಪಲ್ಲ. ತುಳುವಿನಲ್ಲಿ ಅದಕ್ಕೆ ಸೊಪ್ಪು ಎಂದರ್ಥ. ಬಟ್ಟೆಯ ಬದಲು ಸೊಪ್ಪನ್ನು ಉಡಬೇಕಾಗಿದ್ದ ಕಾಲದಲ್ಲಿ ಒಂದು ಪಂಗಡಕ್ಕೆ ಅಂಟಿದ ಹೆಸರದು. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ಉಣಿಸುತ್ತಿದ್ದ ಅಜಲು ಪದ್ಧತಿಯನ್ನು 2000ದ ಕಾಯಿದೆ ನಿಷೇಧಿಸಿತು. ಉಡುಗೆಯ ಆ ಹಳೆಯ ಗುರುತು ಮಾತ್ರ ಭಾಷಾಶಾಸ್ತ್ರದ ಪರಿಭಾಷೆಯಾಗಿ ಉಳಿದಿದೆ. ಅದನ್ನು ವಿವರಣೆಯಿಲ್ಲದೆ ಬಳಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕೊರಗರ ಸಂಖ್ಯೆ 14,794. ಇದನ್ನೇ ಭಾಷಿಕರ ಸಂಖ್ಯೆಯೆಂದು ಉದ್ಧರಿಸಲಾಗದು. ಮನೆಯೊಳಗೂ ತುಳುವನ್ನೇ ಆಡುವ ಕುಟುಂಬಗಳಿವೆ. ಹತ್ತು ಸಾವಿರಕ್ಕಿಂತ ಕಡಿಮೆ ಜನ ಮಾತೃಭಾಷೆಯೆಂದು ಬರೆಸಿದ ನುಡಿಗಳನ್ನು ಜನಗಣತಿಯು ‘ಇತರ’ ಎಂಬಲ್ಲಿ ಸೇರಿಸುತ್ತದೆ. ಪ್ರಕಟವಾದ ಭಾಷಾಪಟ್ಟಿಯಲ್ಲಿ ಕೊರಗ ಎಂಬ ಹೆಸರಿಲ್ಲ.