ಹಳೆಯ ಲ್ಯಾಪ್‌ಟಾಪ್, ಉಚಿತ ವಿದ್ಯುತ್ತು ಮತ್ತು ಹಲಾಲ್ ಸಂಪಾದನೆ

ಮನುಷ್ಯನು ದುಡಿಯದೆ ಉಣ್ಣಲು ಬಯಸುವುದು ಹೊಸ ಸಂಗತಿಯೇನಲ್ಲ. ಆದರೆ ಪ್ರತಿಯೊಂದು ಕಾಲವೂ ಈ ಬಯಕೆಗೆ ಹೊಸ ಹೆಸರು, ಹೊಸ ವೇಷ ಕೊಡುತ್ತದೆ. ಇಂದಿನ ವೇಷಗಳಲ್ಲೊಂದು ಕ್ರಿಪ್ಟೋ ನಾಣ್ಯದ ‘ಮೈನಿಂಗ್’, ಅಂದರೆ ಗಣಿಗಾರಿಕೆ. ಮನೆಯ ಮೂಲೆಯಲ್ಲಿ ಬಿದ್ದಿರುವ ಹಳೆಯ ಲ್ಯಾಪ್‌ಟಾಪಿಗೆ ಒಂದು ತಂತ್ರಾಂಶ ಹಾಕಿ ಹಗಲಿರುಳು ಚಾಲೂ ಇಟ್ಟರೆ ಸಾಕು, ನಾವು ಮಲಗಿದ್ದಾಗಲೂ ಹಣ ಬೀಳುತ್ತದೆ ಎಂದು ಮೊಬೈಲ್ ವೀಡಿಯೊಗಳು ಸಾರುತ್ತವೆ. ಸಂಕೇಶ್ವರ, ಹುಕ್ಕೇರಿ, ಗೋಕಾಕಗಳಂತಹ ನಮ್ಮ ಊರುಗಳ ಯುವಕರಿಗೆ ಈ ಮಾತು ಇನ್ನಷ್ಟು ಹಿತವಾಗಿ ಕೇಳಿಸುತ್ತದೆ. ಲ್ಯಾಪ್‌ಟಾಪ್ ಹೇಗೂ ಸುಮ್ಮನಿದೆ, ಕರೆಂಟು ಹೇಗೂ ಉಚಿತ, ಕಳೆದುಕೊಳ್ಳುವುದೇನಿದೆ?

ಈ ಪ್ರಶ್ನೆಯನ್ನು ಗದರಿಸಿ ಬಾಯಿ ಮುಚ್ಚಿಸುವುದು ಸರಿಯಲ್ಲ. ಕೇಳುವವರು ಹೆಚ್ಚಾಗಿ ಪ್ರಾಮಾಣಿಕರು. ಮನೆಗೆ ನಾಲ್ಕು ಕಾಸು ತರಬೇಕೆಂಬ ಹಂಬಲದವರು. ಆದ್ದರಿಂದ ಮೊದಲು ಲೆಕ್ಕ ನೋಡೋಣ, ಅನಂತರ ಧರ್ಮದ ಮಾತಿಗೆ ಬರೋಣ.

ಮೈನಿಂಗ್ ಎಂದರೇನು?

ಗಣಿಗಾರಿಕೆ ಎಂಬುದು ಹೆಸರಿಗೆ ಮಾತ್ರ. ಇಲ್ಲಿ ನೆಲ ಅಗೆಯುವುದಿಲ್ಲ. ಅಂಗಡಿಯ ಕಿರ್ದಿ ಪುಸ್ತಕವನ್ನು ನೆನಪಿಗೆ ತಂದುಕೊಳ್ಳಿ. ಯಾರು ಯಾರಿಗೆ ಎಷ್ಟು ಕೊಟ್ಟರು ಎಂಬುದು ಅದರಲ್ಲಿ ದಾಖಲಾಗುತ್ತದೆ. 2009ರ ಜನವರಿಯಲ್ಲಿ ಆರಂಭವಾದ ಬಿಟ್‌ಕಾಯಿನ್ ಅಂತಹ ಒಂದು ಕಿರ್ದಿ. ಆದರೆ ಅದನ್ನು ಬರೆಯಲು ಒಬ್ಬ ಗುಮಾಸ್ತನಿಲ್ಲ. ಜಗತ್ತಿನ ಲಕ್ಷಾಂತರ ಯಂತ್ರಗಳು ಒಂದು ಸಂಖ್ಯೆಯನ್ನು ಊಹಿಸುವ ಸ್ಪರ್ಧೆಗೆ ಇಳಿಯುತ್ತವೆ. ಸುಮಾರು 10 ನಿಮಿಷಕ್ಕೊಮ್ಮೆ ಯಾವುದೋ ಒಂದು ಯಂತ್ರದ ಊಹೆ ಸರಿಹೊಂದುತ್ತದೆ. ಆ ಯಂತ್ರದ ಒಡೆಯನಿಗೆ ಹೊಸ ಪುಟ ಬರೆಯುವ ಅಧಿಕಾರವೂ ಬಹುಮಾನವೂ ಸಿಗುತ್ತವೆ. ಉಳಿದವರೆಲ್ಲರ ಊಹೆಗಳು, ಅವುಗಳಿಗಾಗಿ ಉರಿದ ವಿದ್ಯುತ್ತು ವ್ಯರ್ಥ.

ಆರಂಭದಲ್ಲಿ ಈ ಬಹುಮಾನ 50 ಬಿಟ್‌ಕಾಯಿನ್ ಇತ್ತು. ಸುಮಾರು ನಾಲ್ಕು ವರ್ಷಗಳಿಗೊಮ್ಮೆ ಅದು ಅರ್ಧವಾಗುತ್ತದೆ. 2012ರಲ್ಲಿ 25, 2016ರಲ್ಲಿ 12.5, 2020ರಲ್ಲಿ 6.25 ಆಯಿತು, 2024ರ ಏಪ್ರಿಲ್‌ನಲ್ಲಿ 3.125ಕ್ಕೆ ಇಳಿಯಿತು. ಮೊದಲ ಒಂದೆರಡು ವರ್ಷ ಸಾಧಾರಣ ಕಂಪ್ಯೂಟರಿನಿಂದಲೂ ನಾಣ್ಯ ಸಿಕ್ಕಿದ್ದು ನಿಜ. ಆದರೆ 2013ರ ನಂತರ ಈ ಒಂದೇ ಕೆಲಸಕ್ಕಾಗಿ ತಯಾರಿಸಿದ ಯಂತ್ರಗಳು ಬಂದವು. ಅಲ್ಲಿಗೆ ಮನೆಯ ಕಂಪ್ಯೂಟರಿನ ಕಾಲ ಮುಗಿಯಿತು. ಹಳೆಯ ಕಥೆ ಮಾತ್ರ ಇನ್ನೂ ಹೊಸದರಂತೆ ಮಾರಾಟವಾಗುತ್ತಿದೆ.

ಲೆಕ್ಕ ಏನು ಹೇಳುತ್ತದೆ?

ಒಂದು ಹಳೆಯ ಲ್ಯಾಪ್‌ಟಾಪ್ ಸೆಕೆಂಡಿಗೆ 2 ಕೋಟಿ ಊಹೆ ಮಾಡುತ್ತದೆಂದು ಹಿಡಿಯೋಣ. ಕೇಳಲು ದೊಡ್ಡ ಸಂಖ್ಯೆ. ಆದರೆ ‘ಆಂಟ್‌ಮೈನರ್ ಎಸ್-19 ಪ್ರೊ’ ಎಂಬ ಒಂದೇ ಯಂತ್ರ ಇಂತಹ 55 ಲಕ್ಷ ಲ್ಯಾಪ್‌ಟಾಪ್‌ಗಳಿಗೆ ಸಮ. ಅದು ದಿನಕ್ಕೆ 78 ಯೂನಿಟ್ ವಿದ್ಯುತ್ತು ನುಂಗುತ್ತದೆ. ಇಂತಹ ಯಂತ್ರಗಳನ್ನು ಸಾವಿರಗಟ್ಟಲೆ ಸಾಲಾಗಿ ಹೂಡಿರುವ ಕಂಪೆನಿಗಳೊಂದಿಗೆ ನಮ್ಮ ಲ್ಯಾಪ್‌ಟಾಪ್ ಸ್ಪರ್ಧಿಸಬೇಕು. ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆಯ ಪಕ್ಕದಲ್ಲಿ ಕುಳಿತು ಕೈಯಿಂದ ಕಬ್ಬು ಹಿಂಡಿ, ಕಾರ್ಖಾನೆಗೆ ಪೈಪೋಟಿ ಕೊಡುತ್ತೇನೆಂದು ಹೊರಟಂತಾಯಿತು!

2024ರಲ್ಲಿ ಬಿಟ್‌ಕಾಯಿನ್ ಜಾಲದ ಒಟ್ಟು ಬಲವು ನಮ್ಮ ಲ್ಯಾಪ್‌ಟಾಪಿನ ಸುಮಾರು 30 ಲಕ್ಷ ಕೋಟಿ ಪಟ್ಟು ಇತ್ತು. ಬಳಿಕ ಇನ್ನೂ ಹೆಚ್ಚಿದೆ. ದಿನವೊಂದಕ್ಕೆ ಇಡೀ ಜಗತ್ತಿಗೆ ಹಂಚುವ ಹೊಸ ನಾಣ್ಯಗಳು ಸುಮಾರು 450. ನಾಣ್ಯವೊಂದಕ್ಕೆ 80 ಲಕ್ಷ ರೂಪಾಯಿ ಎಂದಿಟ್ಟುಕೊಂಡರೂ ಒಟ್ಟು ಮೊತ್ತ 360 ಕೋಟಿ. ಅದನ್ನು 30 ಲಕ್ಷ ಕೋಟಿಯಿಂದ ಭಾಗಿಸಿ ನೋಡಿ. ನಮ್ಮ ಪಾಲಿಗೆ ಒಂದು ರೂಪಾಯಿ ಬರಬೇಕಾದರೆ ಲ್ಯಾಪ್‌ಟಾಪ್ 22 ವರ್ಷಕ್ಕೂ ಹೆಚ್ಚು ಕಾಲ ಎಡೆಬಿಡದೆ ಓಡಬೇಕು. ಅದೇ ಲ್ಯಾಪ್‌ಟಾಪ್ 60 ವ್ಯಾಟ್ ಬಳಸಿದರೆ ತಿಂಗಳಿಗೆ 43 ಯೂನಿಟ್ ಆಗುತ್ತದೆ. ಯೂನಿಟ್ಟಿಗೆ 6 ರೂಪಾಯಿಯಂತೆ ಹಿಡಿದರೆ ತಿಂಗಳ ಖರ್ಚು ಸುಮಾರು 258 ರೂಪಾಯಿ.

‘ಬಿಟ್‌ಕಾಯಿನ್ ಬಿಡಿ, ಲ್ಯಾಪ್‌ಟಾಪಿಗೆ ಒಗ್ಗುವ ಬೇರೆ ನಾಣ್ಯಗಳಿವೆ’ ಎಂದು ಕೆಲವರು ವಾದಿಸುತ್ತಾರೆ. ಇದರಲ್ಲಿ ಸ್ವಲ್ಪ ಸತ್ಯವಿದೆ. ‘ಮೊನೇರೊ’ ಎಂಬ ನಾಣ್ಯವು 2019ರ ನವೆಂಬರ್‌ನಿಂದ ಸಾಧಾರಣ ಕಂಪ್ಯೂಟರಿಗೇ ಅನುಕೂಲವಾಗುವ ವಿಧಾನವನ್ನು ಅನುಸರಿಸುತ್ತಿದೆ. ಅದರಲ್ಲಿ ದಿನಕ್ಕೆ ಹುಟ್ಟುವುದು ಸುಮಾರು 432 ನಾಣ್ಯ. ನಾಣ್ಯಕ್ಕೆ 25 ಸಾವಿರ ರೂಪಾಯಿ ಬೆಲೆ, ಜಾಲದಲ್ಲಿ ನಮ್ಮ ಲ್ಯಾಪ್‌ಟಾಪಿನ ಪಾಲು 40 ಲಕ್ಷದಲ್ಲಿ ಒಂದು ಎಂದಿಟ್ಟುಕೊಂಡರೆ ದಿನದ ಗಳಿಕೆ 2 ರೂಪಾಯಿ 70 ಪೈಸೆ. ವಿದ್ಯುತ್ತಿನ ಖರ್ಚು 8 ರೂಪಾಯಿ 64 ಪೈಸೆ. ಅಂದರೆ ಗಳಿಸಿದ್ದರ ಮೂರು ಪಟ್ಟಿಗೂ ಹೆಚ್ಚು ಕಳೆದುಕೊಂಡಂತೆ. ಸಾಲದೆಂಬಂತೆ, ಗುಂಪಾಗಿ ಮೈನಿಂಗ್ ಮಾಡಿಸುವ ಕೂಟಗಳು ಇಂತಿಷ್ಟು ಕೂಡುವವರೆಗೆ ಹಣ ಕೊಡುವುದಿಲ್ಲ. ಸದಾ ಕಾದು ಓಡುವ ಲ್ಯಾಪ್‌ಟಾಪಿನ ಫ್ಯಾನು ಕೆಡುತ್ತದೆ, ಬ್ಯಾಟರಿ ಉಬ್ಬುತ್ತದೆ. ಉಬ್ಬಿದ ಬ್ಯಾಟರಿಗೆ ಬೆಂಕಿ ಹತ್ತುವ ಅಪಾಯವೂ ಇದೆ. ಮಕ್ಕಳು ಮಲಗುವ ಕೋಣೆಯಲ್ಲಿ ರಾತ್ರಿಯಿಡೀ ಅದನ್ನು ಉರಿಸುವುದು ಬುದ್ಧಿವಂತಿಕೆಯೇ?

ಇದರ ಮೇಲೆ ತೆರಿಗೆ. ನಮ್ಮ ದೇಶದಲ್ಲಿ 2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಆಸ್ತಿಯ ಲಾಭಕ್ಕೆ ಶೇಕಡಾ 30 ತೆರಿಗೆ ಇದೆ. ಮೈನಿಂಗ್ ವ್ಯವಸ್ಥೆಗೆ ತಗಲಿದ ವೆಚ್ಚವನ್ನು ಆ ಲಾಭದಿಂದ ಕಳೆಯಲು ಅವಕಾಶವಿಲ್ಲವೆಂದು ಸರ್ಕಾರ ಅದೇ ವರ್ಷದ ಮಾರ್ಚ್‌ನಲ್ಲಿ ಲೋಕಸಭೆಗೆ ತಿಳಿಸಿತ್ತು.

‘ಕರೆಂಟು ಉಚಿತ’ ಎಂಬ ಮಾತು

ಇಲ್ಲಿ ಯುವಕನು ಹೇಳುವ ಉತ್ತರ ಒಂದೇ: ‘ನಮಗೆ ಕರೆಂಟಿನ ಬಿಲ್ಲೇ ಇಲ್ಲವಲ್ಲ!’ ಈ ಮಾತನ್ನು ನಿಧಾನವಾಗಿ ಪರಿಶೀಲಿಸಬೇಕು. ಇಡೀ ವಿಷಯದ ಗಂಟು ಇರುವುದು ಇಲ್ಲಿಯೇ.

ಹುಕ್ಕೇರಿ ತಾಲ್ಲೂಕಿಗೆ ಒಂದು ವೈಶಿಷ್ಟ್ಯವಿದೆ. ಇಲ್ಲಿ ವಿದ್ಯುತ್ತು ಹಂಚುವುದು 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ದೇಶದಲ್ಲಿ ಮೊಟ್ಟಮೊದಲು ಪ್ರಯೋಗಾರ್ಥವಾಗಿ ಕಟ್ಟಿದ ಐದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳಲ್ಲಿ ಅದೂ ಒಂದು. ಕತ್ತಲಲ್ಲಿದ್ದ ಹಳ್ಳಿಗಳಿಗೆ ಬೆಳಕು, ಬಾವಿಗಳಿಗೆ ಪಂಪು ತಲುಪಲೆಂದು ಜನರು ಕೂಡಿ ಕಟ್ಟಿದ ವ್ಯವಸ್ಥೆ ಅದು. 2023ರ ಆಗಸ್ಟ್‌ನಿಂದ ರಾಜ್ಯದಲ್ಲಿ ಗೃಹಜ್ಯೋತಿ ಯೋಜನೆ ಜಾರಿಗೆ ಬಂದಿತು. ಮನೆಯು 2022-23ರಲ್ಲಿ ಬಳಸಿದ ಸರಾಸರಿ, ಅದರ ಮೇಲೆ ಒಂದಿಷ್ಟು ಹೆಚ್ಚುವರಿ, ಒಟ್ಟಾರೆ 200 ಯೂನಿಟ್ ಮೀರದಂತೆ ಬಿಲ್ಲನ್ನು ಸರ್ಕಾರ ಭರಿಸುತ್ತದೆ. ಆದ್ದರಿಂದ ಸರಾಸರಿ 70 ಯೂನಿಟ್ ಬಳಸುತ್ತಿದ್ದ ಮನೆಯಲ್ಲಿ ಎರಡು ಲ್ಯಾಪ್‌ಟಾಪ್ ಹಗಲಿರುಳು ಓಡಿದರೆ 86 ಯೂನಿಟ್ ಹೆಚ್ಚಾಗಿ, ಅದರ ಬಹುಪಾಲಿಗೆ ಬಿಲ್ಲು ಬಂದೇ ಬರುತ್ತದೆ. 200 ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ‘ಉಚಿತ’ ಎಂಬ ಲೆಕ್ಕ ಅಲ್ಲಿಯೇ ಮುರಿದುಬೀಳುತ್ತದೆ.

ಮಿತಿಯೊಳಗೇ ಉಳಿದೆವು ಎನ್ನೋಣ. ಆಗಲಾದರೂ ಅದು ಉಚಿತವೇ? ನಮ್ಮ ಬಿಲ್ಲಿನಲ್ಲಿ ಸೊನ್ನೆ ಇರಬಹುದು. ಆದರೆ ಆ ಹಣವನ್ನು ಯಾರೋ ಕೊಟ್ಟಿರುತ್ತಾರೆ. ಬೆಂಕಿಪೊಟ್ಟಣ ಕೊಳ್ಳುವ ಕೂಲಿಯವಳೂ ತೆರಿಗೆ ಕಟ್ಟುತ್ತಾಳೆ. ಆ ಬೊಕ್ಕಸದಿಂದ ಬಂದ ವಿದ್ಯುತ್ತು ಅಡುಗೆಮನೆಯ ದೀಪಕ್ಕೆ, ಓದುವ ಮಗುವಿಗೆ, ಬೇಸಿಗೆಯ ಫ್ಯಾನಿಗೆ ಎಂದು ಕೊಟ್ಟದ್ದು. ಅದು ನಮ್ಮ ಕೈಯಲ್ಲಿರುವ ಅಮಾನತ್ತು. ಎಂಟು ರೂಪಾಯಿಯ ವಿದ್ಯುತ್ತು ಸುಟ್ಟು ಎರಡೂವರೆ ರೂಪಾಯಿ ಜೇಬಿಗಿಳಿಸಿದರೆ ಸಮಾಜಕ್ಕೆ ಎಂಟು ರೂಪಾಯಿ ನಷ್ಟ. ನನ್ನ ಲಾಭವೆಂದು ತೋರುವುದು ಇನ್ನೊಬ್ಬರ ಕಿಸೆಯಿಂದ ಬಂದ ಹಣ. ಅನ್ನಿಸಾ ಅಧ್ಯಾಯದ 29ನೇ ವಚನವು ಪರಸ್ಪರರ ಸೊತ್ತನ್ನು ಅನ್ಯಾಯವಾಗಿ ತಿನ್ನುವುದನ್ನು ನಿಷೇಧಿಸಿ, ಪರಸ್ಪರ ಒಪ್ಪಿಗೆಯ ವ್ಯಾಪಾರಕ್ಕೆ ಮಾತ್ರ ದಾರಿ ಬಿಟ್ಟಿದೆ. ಬನೀ ಇಸ್ರಾಈಲ್ ಅಧ್ಯಾಯದ 26 ಮತ್ತು 27ನೇ ವಚನಗಳು ದುಂದುಗಾರರನ್ನು ಶೈತಾನನ ಸಹೋದರರೆಂದು ಕರೆದಿವೆ. ದುಂದು ಎಂದರೆ ಮದುವೆ ಮನೆಯ ಅನ್ನ ಚೆಲ್ಲುವುದು ಮಾತ್ರವೆಂದು ನಾವು ತಿಳಿದಿದ್ದೇವೆ. ವಿದ್ಯುತ್ತನ್ನು ಚೆಲ್ಲುವುದೂ ದುಂದೇ.

ಇನ್ನು ಕಂಬಕ್ಕೆ ಕೊಂಡಿ ಹಾಕಿ, ಮಸೀದಿ ಮದ್ರಸಾಗಳ ಪ್ಲಗ್ಗಿಗೆ ಸಿಕ್ಕಿಸಿ, ಶಾಲೆ ಕಚೇರಿಗಳ ಕಂಪ್ಯೂಟರಿನಲ್ಲಿ ಯಾರಿಗೂ ತಿಳಿಯದಂತೆ ತಂತ್ರಾಂಶ ಸೇರಿಸಿ ಮೈನಿಂಗ್ ಮಾಡುವವರ ಬಗ್ಗೆ ಚರ್ಚೆಯೇ ಬೇಡ. ಅದು ಕಳ್ಳತನ. ವಕ್ಫಿನ ವಿದ್ಯುತ್ತಾದರೆ ಪಾಪ ಇನ್ನೂ ಭಾರ.

ವಿದ್ವಾಂಸರು ಏನು ಹೇಳುತ್ತಾರೆ?

ಕ್ರಿಪ್ಟೋ ನಾಣ್ಯದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಈಜಿಪ್ಟಿನ ಮುಫ್ತಿಗಳು 2018ರ ಜನವರಿಯಲ್ಲಿ ಬಿಟ್‌ಕಾಯಿನ್ ವ್ಯವಹಾರವನ್ನು ನಿಷಿದ್ಧವೆಂದರು. ಇಂಡೊನೇಷ್ಯಾದ ಉಲಮಾ ಮಂಡಳಿ 2021ರ ನವೆಂಬರ್‌ನಲ್ಲಿ, ಅನಿಶ್ಚಿತತೆ ಮತ್ತು ಜೂಜಿನ ಅಂಶಗಳ ಕಾರಣ, ಅದನ್ನು ಹಣವಾಗಿ ಬಳಸುವುದು ಹರಾಮ್ ಎಂದಿತು. ಮಲೇಷ್ಯಾದ ಷೇರು ಆಯೋಗದ ಶರೀಅತ್ ಸಲಹಾ ಮಂಡಳಿಯು 2020ರಲ್ಲಿ ನೋಂದಾಯಿತ ವಿನಿಮಯ ಕೇಂದ್ರಗಳ ಮೂಲಕ ನಡೆಯುವ ವ್ಯವಹಾರಕ್ಕೆ ಅನುಮತಿ ಇದೆಯೆಂದಿತು. ಮೈನಿಂಗನ್ನು ಲೆಕ್ಕ ಪರಿಶೀಲಿಸುವ ಸೇವೆಯೆಂದೂ ಅದರ ಬಹುಮಾನವನ್ನು ಕೂಲಿಯೆಂದೂ ಪರಿಗಣಿಸುವವರೂ ಇದ್ದಾರೆ. ಈ ಭಿನ್ನಾಭಿಪ್ರಾಯವನ್ನು ತೀರ್ಮಾನಿಸುವುದು ಈ ಲೇಖನದ ಕೆಲಸವಲ್ಲ. ಆದರೆ ಒಂದು ವಿಷಯ ಗಮನಿಸಿ. ಅನುಮತಿ ಕೊಟ್ಟವರು ಕೂಡ ದುಂದು, ಮೋಸ, ಇನ್ನೊಬ್ಬರ ಹಕ್ಕಿನ ಅಪಹರಣಗಳಿಗೆ ಅನುಮತಿ ಕೊಟ್ಟಿಲ್ಲ. ಏನು ಸಿಗುತ್ತದೆ, ಸಿಗುತ್ತದೋ ಇಲ್ಲವೋ ಎಂಬುದೇ ತಿಳಿಯದ ‘ಗರರ್’ ವ್ಯವಹಾರವನ್ನು ಪ್ರವಾದಿ(ಸ)ರು ತಡೆದಿರುವುದು ಸಹೀಹ್ ಮುಸ್ಲಿಮ್‌ನಲ್ಲಿದೆ. ಹಲಾಲ್ ಸ್ಪಷ್ಟ, ಹರಾಮ್ ಸ್ಪಷ್ಟ, ನಡುವಿನ ಸಂದೇಹಾಸ್ಪದ ವಿಷಯಗಳಿಂದ ದೂರವಿದ್ದವನು ತನ್ನ ಧರ್ಮವನ್ನೂ ಮಾನವನ್ನೂ ಕಾಪಾಡಿಕೊಂಡನೆಂಬ ಉಪದೇಶವನ್ನು ಮದ್ರಸಾದ ಮಕ್ಕಳೂ ಬಲ್ಲರು.

ಮುಂದಿನ ಮೆಟ್ಟಿಲು ಇನ್ನೂ ಅಪಾಯಕಾರಿ

ಲ್ಯಾಪ್‌ಟಾಪಿನಿಂದ ಏನೂ ಬರಲಿಲ್ಲವೆಂದು ಯುವಕನು ನಿರಾಶನಾದಾಗ ಮತ್ತೊಬ್ಬನು ಬಾಗಿಲು ತಟ್ಟುತ್ತಾನೆ: ‘ನಿನ್ನ ಯಂತ್ರ ಚಿಕ್ಕದು. ಹಣ ಕೊಡು, ನಮ್ಮ ದೊಡ್ಡ ಯಂತ್ರದಲ್ಲಿ ನಿನ್ನ ಪರವಾಗಿ ಮೈನಿಂಗ್ ಮಾಡುತ್ತೇವೆ.’ 2015ರಲ್ಲಿ ಆರಂಭವಾದ ‘ಗೇನ್‌ಬಿಟ್‌ಕಾಯಿನ್’ ಯೋಜನೆಯು ಹೀಗೆಯೇ ಮೈನಿಂಗಿನ ಹೆಸರಿನಲ್ಲಿ, ತಿಂಗಳಿಗೆ ಶೇಕಡಾ 10ರಂತೆ 18 ತಿಂಗಳು ಲಾಭ ಕೊಡುವ ಭರವಸೆ ನೀಡಿ ದೇಶದಾದ್ಯಂತ ಜನರಿಂದ ಬಿಟ್‌ಕಾಯಿನ್ ಸಂಗ್ರಹಿಸಿತು. ಕೊನೆಗೆ ತಾನೇ ಸೃಷ್ಟಿಸಿದ, ಬೆಲೆಯಿಲ್ಲದ ನಾಣ್ಯವನ್ನು ಜನರ ಕೈಗಿತ್ತಿತು. 2018ರಲ್ಲಿ ಪುಣೆ ಪೊಲೀಸರು ಅದರ ಮುಖ್ಯಸ್ಥನನ್ನು ಬಂಧಿಸಿದರು. ಮುಂದೆ ತನಿಖೆ ಸಿ.ಬಿ.ಐ.ಗೆ ಹೋಯಿತು. ಪುಣೆ ನಮಗೆ ದೂರವಲ್ಲ, ಸಂಕೇಶ್ವರದ ಪಕ್ಕದ ಹೆದ್ದಾರಿಯೇ ಅಲ್ಲಿಗೆ ಹೋಗುತ್ತದೆ.

ಹೆದ್ದಾರಿಯ ಮತ್ತೊಂದು ದಿಕ್ಕಿನಲ್ಲಿ ಬೆಂಗಳೂರು. ಅಲ್ಲಿ ‘ಹಲಾಲ್ ಹೂಡಿಕೆ’ಯ ಹೆಸರಿನಲ್ಲಿ ಬೆಳೆದ ಐ.ಎಂ.ಎ. ಸಂಸ್ಥೆ 2019ರ ಜೂನ್‌ನಲ್ಲಿ ಕುಸಿದಾಗ ಹತ್ತಾರು ಸಾವಿರ ಜನ ಪೊಲೀಸರ ಮುಂದೆ ಸಾಲುಗಟ್ಟಿದರು. ವಿಧವೆಯರ ಉಳಿತಾಯ, ಹೆಣ್ಣುಮಕ್ಕಳ ಮದುವೆಗೆಂದು ಕೂಡಿಟ್ಟ ಹಣ, ನಿವೃತ್ತರ ಗಂಟು ಎಲ್ಲವೂ ಅದರಲ್ಲಿ ಸಿಕ್ಕಿಬಿದ್ದವು. ‘ಹಲಾಲ್’ ಎಂಬ ಫಲಕ ತೂಗಿಸಿದ ಮಾತ್ರಕ್ಕೆ ವ್ಯವಹಾರ ಹಲಾಲಾಗುವುದಿಲ್ಲ. ತನಗೆ ಅರಿವಿಲ್ಲದ ವಿಷಯದ ಬೆನ್ನು ಹತ್ತಬಾರದೆಂದು ಬನೀ ಇಸ್ರಾಈಲ್ ಅಧ್ಯಾಯದ 36ನೇ ವಚನ ಆದೇಶಿಸಿದೆ. ಕಿವಿ, ಕಣ್ಣು, ಹೃದಯಗಳೆಲ್ಲವೂ ವಿಚಾರಣೆಗೆ ಒಳಪಡುತ್ತವೆಂದೂ ಅದೇ ವಚನ ಎಚ್ಚರಿಸಿದೆ.

ಕಂಬಳಿ, ಬಟ್ಟಲು ಮತ್ತು ಕೊಡಲಿ

ಹಾಗಾದರೆ ಸುಮ್ಮನಿರುವ ಲ್ಯಾಪ್‌ಟಾಪನ್ನು ಏನು ಮಾಡುವುದು? ಅಬೂದಾವೂದ್ ಗ್ರಂಥದಲ್ಲಿ ಅನಸ್(ರ)ರಿಂದ ವರದಿಯಾದ ಘಟನೆಯೊಂದು ದಾರಿ ತೋರಿಸುತ್ತದೆ. ಅನ್ಸಾರಿಯೊಬ್ಬರು ಪ್ರವಾದಿ(ಸ)ರ ಬಳಿ ನೆರವು ಬೇಡಲು ಬಂದರು. ಮನೆಯಲ್ಲಿ ಏನಿದೆಯೆಂದು ಪ್ರವಾದಿ(ಸ)ರು ವಿಚಾರಿಸಿದರು. ಅರ್ಧ ಹೊದೆದು ಅರ್ಧ ಹಾಸುವ ಒಂದು ದಪ್ಪ ಬಟ್ಟೆ, ನೀರು ಕುಡಿಯುವ ಒಂದು ಬಟ್ಟಲು ಮಾತ್ರ. ಪ್ರವಾದಿ(ಸ)ರು ಅವನ್ನು ತರಿಸಿ, ಜನರ ಮುಂದೆ ಹರಾಜು ಕೂಗಿ ಎರಡು ದಿರ್ಹಮಿಗೆ ಮಾರಿದರು. ಒಂದರಿಂದ ಮನೆಗೆ ಆಹಾರ ಕೊಳ್ಳಲು, ಇನ್ನೊಂದರಿಂದ ಕೊಡಲಿ ತರಲು ಹೇಳಿದರು. ಅದಕ್ಕೆ ತಮ್ಮ ಕೈಯಿಂದಲೇ ಹಿಡಿ ಹಾಕಿಕೊಟ್ಟು, ಕಟ್ಟಿಗೆ ಕಡಿದು ಮಾರುವಂತೆಯೂ ಹದಿನೈದು ದಿನ ಮುಖ ತೋರಿಸದಂತೆಯೂ ಆಜ್ಞಾಪಿಸಿದರು. ಆತ ಹತ್ತು ದಿರ್ಹಮ್ ಸಂಪಾದಿಸಿ ಮರಳಿದರು.

ಈ ಘಟನೆಯಲ್ಲಿ ಮನೆಯ ವಸ್ತುವೇ ಬಂಡವಾಳವಾಯಿತು. ಆದರೆ ಅದು ತಾನಾಗಿ ಹಣ ಹೆರಲಿಲ್ಲ. ಸಾಧನವಾಗಿ ಮಾರ್ಪಟ್ಟು, ಬೆವರಿನ ಜೊತೆ ಸೇರಿ ಫಲ ಕೊಟ್ಟಿತು. ನಮ್ಮ ಲ್ಯಾಪ್‌ಟಾಪ್ ಕೂಡ ಕೊಡಲಿಯಾಗಬಲ್ಲುದು. ‘ನುಡಿ’ಯಲ್ಲಿ ಕನ್ನಡ ಟೈಪಿಂಗ್ ಕಲಿತವನಿಗೆ ಅರ್ಜಿ, ಕರಪತ್ರ, ಲಗ್ನಪತ್ರಿಕೆಗಳ ಕೆಲಸ ಸಿಗುತ್ತದೆ. ಟ್ಯಾಲಿ ಬಲ್ಲವನಿಗೆ ಮೆಣಸಿನಕಾಯಿ ವ್ಯಾಪಾರಿಯ ಲೆಕ್ಕ ಬರೆಯುವ ಅವಕಾಶವಿದೆ. ರ‍್ಯಾಮ್ ಹೆಚ್ಚಿಸಿ, ಹೊಸ ಡಿಸ್ಕ್ ಹಾಕಿ ಹಳೆಯ ಯಂತ್ರಕ್ಕೆ ಜೀವ ತುಂಬುವುದನ್ನು ಕಲಿತರೆ ಅದೇ ಒಂದು ಕಸುಬು. ಇದಾವುದೂ ಬೇಡವೆಂದರೆ ಮಾರಿಬಿಡಿ, ಇಲ್ಲವೇ ಎಸ್.ಎಸ್.ಎಲ್.ಸಿ. ಓದುತ್ತಿರುವ ನೆರೆಮನೆಯ ಬಡ ಹುಡುಗಿಗೆ ಕೊಡಿ. ಆಕೆ ಓದುವಷ್ಟು ಕಾಲ ನಿಮ್ಮ ಖಾತೆಗೆ ಪುಣ್ಯ ಸೇರುತ್ತಿರುತ್ತದೆ. ಮೈನಿಂಗ್ ಹೇಗೆ ನಡೆಯುತ್ತದೆಂದು ತಿಳಿಯುವ ಕುತೂಹಲವಿದ್ದರೆ ಅದನ್ನು ವಿದ್ಯೆಯಾಗಿ ಕಲಿಯಿರಿ, ತಪ್ಪೇನಿಲ್ಲ. ಆದರೆ ಸಂಪಾದನೆಯೆಂದು ನಂಬಬೇಡಿ. ಗುರುತಿಲ್ಲದವರು ಕಳಿಸಿದ ತಂತ್ರಾಂಶವನ್ನು ಯಂತ್ರಕ್ಕೆ ಸೇರಿಸಬೇಡಿ, ಯಾರಿಗೂ ಹಣ ಕಟ್ಟಬೇಡಿ.

ತನ್ನ ಕೈಯ ದುಡಿಮೆಗಿಂತ ಉತ್ತಮವಾದ ಊಟವನ್ನು ಯಾರೂ ಉಂಡಿಲ್ಲವೆಂದೂ, ಪ್ರವಾದಿ ದಾವೂದ್(ಅ)ರು ಸ್ವಂತ ದುಡಿಮೆಯಿಂದ ಉಣ್ಣುತ್ತಿದ್ದರೆಂದೂ ಪ್ರವಾದಿ(ಸ)ರು ತಿಳಿಸಿರುವುದು ಬುಖಾರಿಯಲ್ಲಿದೆ. ಅವರು ರಾಜರಾಗಿದ್ದರೆಂಬುದನ್ನು ಮರೆಯಬಾರದು. ನಾಳೆ ಪರಲೋಕದಲ್ಲಿ ಸಂಪತ್ತಿನ ಬಗ್ಗೆ ಎರಡು ಪ್ರಶ್ನೆಗಳಿವೆ: ಎಲ್ಲಿಂದ ಗಳಿಸಿದೆ, ಯಾವುದಕ್ಕೆ ವ್ಯಯಿಸಿದೆ? ಯೌವನವನ್ನು ಹೇಗೆ ಕಳೆದೆ ಎಂಬ ಪ್ರಶ್ನೆಯೂ ಇದೆ. ‘ಲ್ಯಾಪ್‌ಟಾಪ್ ಓಡುತ್ತಿತ್ತು, ನಾನು ಮಲಗಿದ್ದೆ’ ಎಂಬುದು ಅದಕ್ಕೆ ಉತ್ತರವಾಗಲಾರದು.

ಅಲ್ಲಾಹನು ನಮ್ಮ ಯುವಕರ ಕೈಗೆ ಕೌಶಲವನ್ನೂ, ಅವರ ದುಡಿಮೆಗೆ ಬರ್ಕತ್ತನ್ನೂ, ನಮ್ಮೆಲ್ಲರಿಗೂ ಹಲಾಲಾದ ತುತ್ತನ್ನೂ ಕರುಣಿಸಲಿ. ಆಮೀನ್.