ಮಾಲ್ಟಿಗೆ ಬೆರೆಸುವ ನೀರು ಎಷ್ಟು ಬಿಸಿಯಿರಬೇಕು?

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯ ಕಡೆ, ಹಾಸನ ಜಿಲ್ಲೆಯ ಇತರ ಊರುಗಳಲ್ಲಿರುವಂತೆಯೇ, ಎಳೆಯ ಮಕ್ಕಳಿಗೆ ರಾಗಿ ಸರಿಯನ್ನು ತಿನ್ನಿಸುವ ರೂಢಿಯುಂಟು. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಬೀಸಿ, ತೆಳುವಾದ ಬಟ್ಟೆಯಲ್ಲಿ ಜಾಲಿಸಿ ಹಿಟ್ಟು ಮಾಡುವರು. ಹೀಗೆ ಮೊಳೆಯಿಸಿ ಒಣಗಿಸಿದ ಧಾನ್ಯಕ್ಕೆ ಮಾಲ್ಟ್ ಎಂದು ಹೆಸರು. ಬಾರ್ಲಿಯನ್ನು ಇದೇ ಬಗೆಯಾಗಿ ಮಾಲ್ಟ್ ಮಾಡಿ ಬಿಯರನ್ನು ತಯಾರಿಸುವರು. ಎರಡರ ಉದ್ದೇಶಗಳು ಬೇರೆ ಬೇರೆ. ಆದರೆ ಎರಡರಲ್ಲಿಯೂ ಏಳುವ ಪ್ರಶ್ನೆ ಒಂದೇ: ಬೆರೆಸುವ ನೀರು ಎಷ್ಟು ಬಿಸಿಯಾಗಿರಬೇಕು?

ಮೊಳಕೆಯೊಡೆಯುವಾಗ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವಗಳು ಹೆಚ್ಚುತ್ತವೆ. ಇವು ಪಿಷ್ಟದ ಉದ್ದವಾದ ಅಣುಗಳನ್ನು ತುಂಡರಿಸಿ ಸಕ್ಕರೆಗಳನ್ನಾಗಿ ಮಾಡಬಲ್ಲವು. ನೀರು ತಣ್ಣಗಿದ್ದರೆ ಪಿಷ್ಟದ ಕಣಗಳು ಉಬ್ಬಿ ಬಿಚ್ಚಿಕೊಳ್ಳುವುದಿಲ್ಲ. ಉಷ್ಣತೆ 80 ಡಿಗ್ರಿ ಸೆಂಟಿಗ್ರೇಡಿನ ಸಮೀಪಕ್ಕೆ ಏರಿದರೆ ಕಿಣ್ವಗಳೇ ಬೇಗನೆ ಕೆಟ್ಟುಹೋಗುತ್ತವೆ. ಆದುದರಿಂದ ಬಾರ್ಲಿಯ ಮಾಲ್ಟನ್ನು ಸಾಮಾನ್ಯವಾಗಿ 65ರಿಂದ 67 ಡಿಗ್ರಿಗಳಲ್ಲಿ ಇರಿಸುವರು. ತಣ್ಣಗಾದ ಮಿಶ್ರಣಕ್ಕೆ ಬಿಸಿನೀರು ಸೇರಿಸಿ ಸರಿಪಡಿಸಬಹುದು. ಕೆಟ್ಟ ಕಿಣ್ವವನ್ನು ಮರಳಿ ಪಡೆಯಲಾಗದು. ಮೊದಲೇ ಲೆಕ್ಕ ಹಾಕಬೇಕಾದುದು ಇದಕ್ಕಾಗಿಯೇ.

ಇಲ್ಲಿ ನಮಗೆ ನೆರವಾಗುವುದು ಮಿಶ್ರಣಗಳ ನಿಯಮ: ಬಿಸಿ ವಸ್ತು ಕಳೆದುಕೊಂಡ ಶಾಖವು ತಣ್ಣನೆಯ ವಸ್ತು ಪಡೆದ ಶಾಖಕ್ಕೆ ಸಮ. ಶಾಖ ಬೇರೆ, ಉಷ್ಣತೆ ಬೇರೆ ಎಂಬುದನ್ನು ಹದಿನೆಂಟನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕನು ಸ್ಪಷ್ಟಪಡಿಸಿದನು. ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋಕ್ಯಾಲೊರಿ ಶಾಖ ಬೇಕು. ಅಷ್ಟೇ ತೂಕದ ಒಣ ಮಾಲ್ಟಿಗೆ ಸುಮಾರು 0.4 ಸಾಕು. ಇದೇ ಮಾಲ್ಟಿನ ವಿಶಿಷ್ಟೋಷ್ಣ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. 24 ಡಿಗ್ರಿಯಲ್ಲಿರುವ 1 ಕಿಲೋಗ್ರಾಂ ಬಾರ್ಲಿ ಮಾಲ್ಟಿನ ತರಿಗೆ 3 ಲೀಟರು ನೀರು ಬೆರೆಸಿ 66 ಡಿಗ್ರಿಯ ಮಿಶ್ರಣವನ್ನು ಪಡೆಯಬೇಕಾಗಿದೆ. ಮಾಲ್ಟ್ 42 ಡಿಗ್ರಿ ಏರಬೇಕು. ಅದಕ್ಕೆ ಬೇಕಾದ ಶಾಖ 1 × 0.4 × 42, ಅಂದರೆ 16.8 ಕಿಲೋಕ್ಯಾಲೊರಿ. ಇದನ್ನು ಕೊಡಬೇಕಾದುದು 3 ಕಿಲೋಗ್ರಾಂ ನೀರು. ಆದುದರಿಂದ ನೀರು 16.8 ÷ 3 = 5.6 ಡಿಗ್ರಿ ಇಳಿಯುವುದು. ಎಂದರೆ ನೀರು ಮೊದಲು 71.6 ಡಿಗ್ರಿಯಲ್ಲಿರಬೇಕು.

ಪಾತ್ರೆಯನ್ನೂ ಮರೆಯುವಂತಿಲ್ಲ. 2 ಕಿಲೋಗ್ರಾಂ ತೂಕದ ತಣ್ಣನೆಯ ಹಿತ್ತಾಳೆ ಪಾತ್ರೆಯಲ್ಲಿ ಬೆರೆಸುವುದಾದರೆ, ಹಿತ್ತಾಳೆಯ ವಿಶಿಷ್ಟೋಷ್ಣ 0.09 ಆದ್ದರಿಂದ, ಪಾತ್ರೆ ಹೀರುವ ಶಾಖ 2 × 0.09 × 42, ಸುಮಾರು 7.6 ಕಿಲೋಕ್ಯಾಲೊರಿ. ಇದರಿಂದ ನೀರು ಇನ್ನೂ 2.5 ಡಿಗ್ರಿ ಇಳಿಯುತ್ತದೆ. ಆಗ ನೀರು ಸುಮಾರು 74 ಡಿಗ್ರಿಯಷ್ಟು ಬಿಸಿಯಿರಬೇಕು. ಪಾತ್ರೆಯನ್ನು ಮೊದಲೇ ಬಿಸಿನೀರಿನಿಂದ ಕಾಯಿಸಿಟ್ಟರೆ ಈ ನಷ್ಟ ಬಹುಮಟ್ಟಿಗೆ ತಪ್ಪುತ್ತದೆ.

ಉಷ್ಣಮಾಪಕವಿಲ್ಲದವರು ಏನು ಮಾಡಬೇಕು? ಕುದಿಯುವ ನೀರೇ ಅವರಿಗೆ ಅಳತೆಗೋಲು. ಆದರೆ ಬೇಲೂರಿನ ಪ್ರದೇಶವು ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರು ಎತ್ತರದಲ್ಲಿದೆ. ವಾಯುವಿನ ಒತ್ತಡ ಕಡಿಮೆಯಾದ್ದರಿಂದ ಅಲ್ಲಿ ನೀರು 100ರಲ್ಲಲ್ಲ, ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುತ್ತದೆ. 97 ಡಿಗ್ರಿಯ 2.05 ಲೀಟರಿಗೆ 24 ಡಿಗ್ರಿಯ 0.95 ಲೀಟರು ಬೆರೆಸಿದರೆ 74 ಡಿಗ್ರಿಯ 3 ಲೀಟರು ದೊರೆಯುತ್ತದೆ. ಪುಸ್ತಕದ 100ನ್ನೇ ನಂಬಿ ಲೆಕ್ಕ ಹಾಕಿದರೆ ನೀರು ಎರಡು ಡಿಗ್ರಿ ತಣ್ಣಗಾದೀತು. ಸುರಿಯುವಾಗಲೂ ಕಲಕುವಾಗಲೂ ಗಾಳಿಗೆ ಹೋಗುವ ಶಾಖವು ಈ ಲೆಕ್ಕದಲ್ಲಿ ಸೇರಿಲ್ಲ.

ಕರ್ನಾಟಕದಲ್ಲಿ 1965ರ ಅಬಕಾರಿ ಅಧಿನಿಯಮದಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದುದರಿಂದ ಮನೆಯಲ್ಲಿ ಈ ಗಣಿತಕ್ಕೆ ತಕ್ಕ ಸ್ಥಾನ ಮಗುವಿನ ಸರಿಯೇ. ಮೊಳೆಯಿಸದ ಹಿಟ್ಟಿನ ಗಂಜಿ ಗಟ್ಟಿಯಾಗುತ್ತದೆ. ಮಗು ನುಂಗಲಾರದೆಂದು ನೀರು ಸೇರಿಸಿದರೆ ಹೊಟ್ಟೆ ತುಂಬುತ್ತದೆ, ಪೋಷಣೆ ಸಾಲದು. ಮಾಲ್ಟಿನ ಕಿಣ್ವವು ನೀರು ಹೆಚ್ಚಿಸದೆಯೇ ಗಂಜಿಯನ್ನು ತೆಳುವಾಗಿಸುತ್ತದೆ. ಆದರೆ ಮೊಳಕೆ ಹಿಟ್ಟನ್ನು ನೇರವಾಗಿ ಕುದಿನೀರಿಗೆ ಸುರಿದರೆ ಕೆಲಸಕ್ಕೆ ಮುನ್ನವೇ ಕಿಣ್ವ ಸಾಯುವುದು.

100 ಗ್ರಾಂ ಹಿಟ್ಟಿಗೆ 600 ಮಿಲಿಲೀಟರು ನೀರೆಂದರೆ ಒಂದಕ್ಕೆ ಆರರ ಪ್ರಮಾಣ. ಹಿಟ್ಟಿನಿಂದಾಗುವ ಇಳಿತ 0.4 × 42 ÷ 6, ಅಂದರೆ 2.8 ಡಿಗ್ರಿ, ಪಾತ್ರೆ ಕಾದಿದ್ದರೆ 69 ಡಿಗ್ರಿಯ ನೀರು ಸಾಕು. ಕಲಕಿ, ಮುಚ್ಚಿ, ಕೆಲವು ನಿಮಿಷ ಬಿಟ್ಟು, ಅನಂತರ ಚೆನ್ನಾಗಿ ಕುದಿಸಿ ಆರಿಸಿ ಮಗುವಿಗೆ ಕೊಡಬೇಕು. ಕುದಿಯುವಾಗ ಕಿಣ್ವ ನಾಶವಾದರೂ ಅದು ಮಾಡಿ ಮುಗಿಸಿದ ಕೆಲಸ ಉಳಿದಿರುತ್ತದೆ.